ನಿಮ್ಮ ಫ್ಯಾಂಟಸಿ ಆಟಕ್ಕೆ ಯಾವ ಮ್ಯಾಜಿಕ್, ಯಾವ ಕ್ಲಾಸ್? ಬೆಲೆ ನೋಡಿ ಆರಿಸಿ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಒಬ್ಬರು ಆಟ ನಡೆಸುವವರಾಗಿ, ಮಾತಿನಲ್ಲೇ ಕಥೆ ಆಡುವ ಆಟದ ಬಗ್ಗೆ ಹೇಳುತ್ತಿದ್ದೇನೆ. ಇಂಥ ಸ್ವಂತ ಫ್ಯಾಂಟಸಿ ಆಟ ಕಟ್ಟಲು ಕೂತವರು ಸಾಮಾನ್ಯವಾಗಿ ಮಂತ್ರಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ಬೆಂಕಿ ಉಗುಳುವುದು, ಗಾಳಿಯಲ್ಲಿ ತೇಲುವುದು, ಕಣ್ಣೆದುರೇ ಮಾಯವಾಗುವುದು. ಪುಟಗಟ್ಟಲೆ ಬರೆದಿಟ್ಟ ಪಟ್ಟಿ ಆಟದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಪ್ರತಿ ಸರದಿಗೂ ಆಟಗಾರ ಕೇಳುವುದು ಬೇರೆಯೇ: ಈಗ ಮಂತ್ರ ಹಾಕಿದರೆ ನನಗೆ ಏನು ಖರ್ಚು?

ಆ ಖರ್ಚೇ ಮ್ಯಾಜಿಕ್ ಪದ್ಧತಿಯ ಜೀವ ಎಂಬುದು ನನ್ನ ನಂಬಿಕೆ. ಮಾಂತ್ರಿಕ ಏನು ಮಾಡಬಲ್ಲ ಅನ್ನುವುದನ್ನು ಆಮೇಲೆ ನೋಡೋಣ. ಅವನು ಏನು ಕೊಡಬೇಕು, ಆ ಕೊಡುವ ಕ್ಷಣ ಮೇಜಿನ ಸುತ್ತ ಕೂತ ಎಲ್ಲರಿಗೂ ಕಾಣುತ್ತದಾ, ಅದನ್ನು ಮೊದಲು ತೀರ್ಮಾನಿಸಿ. ಕೆಳಗೆ ಹೋಲಿಸಿರುವ ಪದ್ಧತಿಗಳನ್ನು ನಾನು ನೋಡಿರುವುದು ಈ ಕಣ್ಣಿನಿಂದಲೇ. ಕ್ಲಾಸ್‌ಗಳಿಗೂ, ಅಂದರೆ ಪಾತ್ರಗಳ ಕಸುಬಿಗೂ, ಅದೇ ಅಳತೆ.

ಇದನ್ನು ಬರೆಯುತ್ತಿರುವುದು ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗಾಗಿ. ನಾಲ್ಕೈದು ಗೆಳೆಯರು, ಒಂದು ಭಾನುವಾರ, ಒಂದು ರೂಮು, ಆಟವೆಲ್ಲ ನಮ್ಮ ಮಾತಿನಲ್ಲಿ. ಕಥೆ ನಡೆಯುವ ಲೋಕಕ್ಕೆ ಯುರೋಪಿನ ಕೋಟೆಗಳೇ ಬೇಕಿಲ್ಲ. ಬೀದರ್ ಕೋಟೆ, ಕಾಗಿಣಾ ದಂಡೆಯ ಮಳಖೇಡ, ಭೀಮೆ ಪಕ್ಕದ ಸನ್ನತಿ, ಸುರಪುರದ ಗುಡ್ಡಗಳು ಇದ್ದಾವಲ್ಲ.

ಒಂದೇ ದೃಶ್ಯ ಇಟ್ಟುಕೊಂಡು ನೋಡೋಣ

ಪದ್ಧತಿಗಳನ್ನು ಓದಿ ಹೋಲಿಸಿದರೆ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಒಂದೇ ದೃಶ್ಯವನ್ನು ಒಂದೊಂದರಲ್ಲೂ ಆಡಿ ನೋಡಿದಾಗ ವ್ಯತ್ಯಾಸ ತಿಳಿಯುತ್ತದೆ. ನಾನು ಆರಿಸಿಕೊಂಡ ದೃಶ್ಯ ಬೀದರ್‌ನದು.

ಬೀದರ್‌ನ ನೌಬಾದ್ ಬಳಿ ಬಹಮನಿ ಕಾಲದ ಕರೇಜ್ ಇದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಬೀದರ್ ನೆಲದ ಮೇಲ್ಪದರ ಕೆಂಪು ಜಂಬಿಟ್ಟಿಗೆ, ಅದರಡಿ ಕಪ್ಪು ಕಲ್ಲು. ಜಂಬಿಟ್ಟಿಗೆಯಲ್ಲಿ ಇಳಿದ ಮಳೆನೀರು ಕಪ್ಪು ಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ನೆಲದೊಳಗೇ ಕಾಲುವೆ ತೋಡಿ ಹರಿಸಿದ್ದಾರೆ. ದಾರಿಯುದ್ದಕ್ಕೂ ಗಾಳಿ, ಬೆಳಕು ಬರಲೆಂದು ಮೇಲಿನಿಂದ ಬಾವಿಯಂಥ ಕಂಡಿಗಳಿವೆ. ಸಾಹಸದ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗುವುದು ಕಷ್ಟ.

ದೃಶ್ಯ ಹೀಗಿದೆ. ನಮ್ಮ ಕಥೆಯ ನಾಲ್ವರು ರಾತ್ರಿ ಇಂಥ ಸುರಂಗದೊಳಗೆ ಇದ್ದಾರೆ. ಚಾವಣಿಯ ಒಂದು ತುಂಡು ಕುಸಿದು ಒಬ್ಬನ ಕಾಲು ಕಲ್ಲಿನಡಿ ಸಿಕ್ಕಿಕೊಂಡಿದೆ. ಯಾರೋ ಮೇಲೆ ತೂಬು ಎತ್ತಿದ್ದಾರೆ, ನೀರು ಮೊಣಕಾಲು ದಾಟಿ ಸೊಂಟದತ್ತ ಏರುತ್ತಿದೆ. ಕಂಡಿಯ ಬಾಯಲ್ಲಿ ಕಾವಲುಗಾರರ ದೀಪ ಓಡಾಡುತ್ತಿದೆ. ಗುಂಪಿನಲ್ಲಿ ಒಬ್ಬಳು ಮಾಂತ್ರಿಕಳಿದ್ದಾಳೆ. ಅವಳು ಏನು ಮಾಡುತ್ತಾಳೆ?

ಸ್ಲಾಟ್: ದಿನಕ್ಕೆ ಇಷ್ಟೇ

1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಹಬ್ಬಿಸಿದ ಪದ್ಧತಿ ಇದು. ದಿನಕ್ಕೆ ಇಂತಿಷ್ಟೇ ಸಲ ಮಂತ್ರ ಹಾಕುವ ಅವಕಾಶ, ಅದೇ ಸ್ಲಾಟ್. ಖಾಲಿಯಾದರೆ ವಿಶ್ರಾಂತಿ ಪಡೆದ ಮೇಲೆಯೇ ಮತ್ತೆ. 2014ರ ಐದನೇ ಆವೃತ್ತಿಯಲ್ಲಿ ಒಂದನೇ ಲೆವೆಲ್‌ನ ವಿಝರ್ಡ್‌ಗೆ, ಅಂದರೆ ಮಾಂತ್ರಿಕನಿಗೆ, ಇರುವುದು ಎರಡೇ ಸ್ಲಾಟ್. ಮೂರನೇ ಲೆವೆಲ್‌ಗೆ ಬಂದಾಗ ಮೊದಲ ದರ್ಜೆಯವು ನಾಲ್ಕು, ಎರಡನೇ ದರ್ಜೆಯವು ಎರಡು. ಕಥೆಯೊಳಗಿನ ಎಂಟು ಗಂಟೆಯ ವಿಶ್ರಾಂತಿಯಿಂದ ಎಲ್ಲವೂ ವಾಪಸ್ ಬರುತ್ತವೆ.

ಸುರಂಗದಲ್ಲಿ ಈ ಪದ್ಧತಿ ಏನು ಮಾಡುತ್ತದೆ ನೋಡಿ. ಆಟಗಾರ್ತಿ ತನ್ನ ಹಾಳೆ ನೋಡಿಕೊಂಡು, ಆಟ ನಡೆಸುತ್ತಿರುವವನ ಕಡೆ ತಿರುಗುತ್ತಾಳೆ:

"ಅಣ್ಣಾ, ನನ್ ಹತ್ರ ಒಂದೇ ಉಳದದ. ಕಲ್ಲು ಎತ್ಲೋ, ನೀರು ತಡೀಲೋ?"

ಪಕ್ಕದವನಿಗೆ ತಡೆಯಲಾಗುವುದಿಲ್ಲ: "ಕಲ್ಲೆತ್ತವಾ ಮೊದ್ಲ, ಅಂವ ಸಾಯ್ತಾನ!"

ಇಡೀ ಮೇಜು ಒಂದೇ ನಿರ್ಧಾರದ ಸುತ್ತ ಬಂದು ನಿಂತಿತು. ಸ್ಲಾಟ್‌ನ ದೊಡ್ಡ ಗುಣ ಇದೇ. ಲೆಕ್ಕ ಇಲ್ಲ, ದಾಳ ಇಲ್ಲ, ಆಯ್ಕೆ ಮಾತ್ರ ಇದೆ. ಹೊಸಬರಿಗೂ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ.

ಕೊರತೆ ಇರುವುದು ಬೇರೆ ಕಡೆ. ಆಟಗಾರರು ಮೊದಲ ಜಗಳದಲ್ಲೇ ಎಲ್ಲ ಸ್ಲಾಟ್ ಖರ್ಚು ಮಾಡಿ "ಈಗ ಮಲಗ್ತೀವಿ" ಎಂದುಬಿಡುತ್ತಾರೆ. ಬೆಲೆ ಇದ್ದೂ ಇಲ್ಲದಂತಾಗುತ್ತದೆ. ನೀವು ಸ್ಲಾಟ್ ಆರಿಸಿದರೆ ವಿಶ್ರಾಂತಿಗೂ ಬೆಲೆ ಇಡಲೇಬೇಕು. ರಾತ್ರಿ ಮಲಗಿ ಎದ್ದರೆ ಸಂತೆ ಮುಗಿದಿರಲಿ, ದಂಡು ಒಂದು ಊರು ಮುಂದೆ ಬಂದಿರಲಿ.

ಪಾಯಿಂಟ್: ಕಾಳು ಎಣಿಸಿ ಕೊಡುವುದು

ಮೊಬೈಲ್ ಗೇಮ್ ಆಡಿದವರಿಗೆಲ್ಲ ಆ ನೀಲಿ ಪಟ್ಟಿ ಗೊತ್ತು. ಮಂತ್ರ ಹಾಕಿದಷ್ಟೂ ಅದು ಇಳಿಯುತ್ತದೆ. ಮೇಜಿನ ಆಟಗಳಲ್ಲಿ 1978ರ ರೂನ್‌ಕ್ವೆಸ್ಟ್ ಪಾಯಿಂಟ್ ಲೆಕ್ಕದ ಮ್ಯಾಜಿಕ್ಕಿಗೆ ಹೆಸರಾದ ಹಳೆಯ ಉದಾಹರಣೆ. ಸುರಂಗದಲ್ಲಿ ನಮ್ಮ ಮಾಂತ್ರಿಕಳ ಹತ್ತಿರ 11 ಪಾಯಿಂಟ್ ಇವೆ ಅಂದುಕೊಳ್ಳಿ. ಕಲ್ಲಿಗೆ 4, ನೀರಿಗೆ 6. ಎರಡೂ ಆಗುತ್ತದೆ, ಉಳಿಯುವುದು 1. ಆ ಒಂದರಲ್ಲಿ ಕಾವಲುಗಾರರ ದೀಪ ಆರಿಸಬಹುದಾ?

ಸ್ಲಾಟ್‌ಗಿಂತ ಇದರಲ್ಲಿ ಬಿಡುವು ಜಾಸ್ತಿ, ಒತ್ತಡ ಕಡಿಮೆ. ಆಟಗಾರರಿಗೆ ಜಾಣತನ ತೋರಿಸಲು ಜಾಗ ಸಿಗುತ್ತದೆ. ಆದರೆ ಪ್ರತಿ ಸರದಿಯಲ್ಲೂ ಕೂಡುವುದು ಕಳೆಯುವುದು ನಡೆದೇ ಇರುತ್ತದೆ. ಇನ್ನೊಂದು ತೊಂದರೆ: ಕಡಿಮೆ ಬೆಲೆಗೆ ಹೆಚ್ಚು ಕೆಲಸ ಮಾಡುವ ಮಂತ್ರ ಯಾವುದೆಂದು ಯಾರೋ ಒಬ್ಬರು ಬೇಗ ಕಂಡುಹಿಡಿಯುತ್ತಾರೆ. ಅಲ್ಲಿಂದ ಮುಂದೆ ಅದೊಂದೇ ಮಂತ್ರ ಹತ್ತು ಸಲ ಬರುತ್ತದೆ. ಎರಡನೇ ಸಲ ಅದೇ ಮಂತ್ರ ಹಾಕಿದರೆ ಬೆಲೆ ದುಪ್ಪಟ್ಟು ಅನ್ನುವ ನಿಯಮ ಇಟ್ಟರೆ ಇದು ನಿಲ್ಲುತ್ತದೆ.

ಪಾಯಿಂಟ್ ಇಟ್ಟುಕೊಳ್ಳುವವರಿಗೆ ನನ್ನದೊಂದು ಒತ್ತಾಯ. ಹಾಳೆಯ ಮೇಲೆ ಬರೆದು ಅಳಿಸಬೇಡಿ. ಪ್ರತಿಯೊಬ್ಬರ ಮುಂದೆ ಒಂದು ಹಿಡಿ ತೊಗರಿ ಕಾಳು ಇಡಿ, ನಡುವೆ ಒಂದು ಸ್ಟೀಲ್ ಬಟ್ಟಲು ಇಡಿ. ಮಂತ್ರ ಹಾಕಿದವರು ಎಣಿಸಿ ಬಟ್ಟಲಿಗೆ ಹಾಕಲಿ. ಕಾಳು ಬೀಳುವ ಸದ್ದು ಎಲ್ಲರಿಗೂ ಕೇಳುತ್ತದೆ, ಯಾರ ಮುಂದೆ ಎಷ್ಟು ಉಳಿದಿದೆ ಎಂದು ಎಲ್ಲರಿಗೂ ಕಾಣುತ್ತದೆ. ಕಲಬುರಗಿಯಲ್ಲಿ ತೊಗರಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅಲ್ವಾ?

ದಾಳ ಹಾಕಿ ಮಂತ್ರ: ಅಪಾಯವೇ ಬೆಲೆ

ಇಲ್ಲಿ ಸ್ಲಾಟೂ ಇಲ್ಲ, ಪಾಯಿಂಟೂ ಇಲ್ಲ. ಎಷ್ಟು ಸಲ ಬೇಕಾದರೂ ಮಂತ್ರ ಹಾಕಿ. ಪ್ರತಿ ಸಲ ದಾಳ ಎಸೆಯಬೇಕು, ಕೆಟ್ಟದಾಗಿ ಬಿದ್ದರೆ ಕೆಟ್ಟದ್ದೇ ಆಗುತ್ತದೆ. ಎರಡು ಲೂಡೋ ದಾಳ ಸಾಕು. ಒಟ್ಟು 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಜೊತೆಗೆ ಏನೋ ಕಳೆದುಕೊಂಡಿರಿ. 6 ಅಥವಾ ಕಡಿಮೆ ಬಂದರೆ ಆಟ ನಡೆಸುವವರ ಕೈಗೆ ಸಿಕ್ಕಿರಿ. ಈಚೆಗಿನ ಹಲವು ಇಂಡೀ ಆಟಗಳು (ಸಣ್ಣ ಸ್ವತಂತ್ರ ತಯಾರಕರವು) ಈ ಮೂರು ಮೆಟ್ಟಿಲನ್ನೇ ಬಳಸುತ್ತವೆ.

ಲೆಕ್ಕ ಸ್ವಲ್ಪ ನೋಡಿ. ಎರಡು ದಾಳಕ್ಕೆ 36 ಸಾಧ್ಯತೆ. ಏನೂ ಸೇರಿಸದೆ ಎಸೆದರೆ ಪೂರ್ತಿ ಗೆಲುವು 6, ನಡುವಿನದು 15, ಸೋಲು 15. ಹೊಸ ಆಟಗಾರರಿಗೆ ಇದು ಬಹಳ ಕಠಿಣ. ಒಂದು ಅಂಕ ಬೋನಸ್ ಕೊಟ್ಟು ನೋಡಿ: ಗೆಲುವು 10, ನಡುವಿನದು 16, ಸೋಲು 10. ಎರಡೂ ಕಡೆ ಸಮ, ನಡುವೆ ದಪ್ಪ. ಶುರುವಿನ ಮಾಂತ್ರಿಕರಿಗೆ ನಾನು ಕೊಡುವುದು ಈ ಬೋನಸ್ಸನ್ನೇ. "ಆಯಿತು, ಆದರೆ..." ಅನ್ನುವ ಉತ್ತರ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತದೆ. ಕಥೆ ಓಡುವುದು ಆ "ಆದರೆ"ಯಿಂದ.

ಸುರಂಗದಲ್ಲಿ 8 ಬಿತ್ತು. ಕಲ್ಲು ಎದ್ದಿತು, ಗೆಳೆಯನ ಕಾಲು ಬಿಡಿಸಿಕೊಂಡಿತು. ಆದರೆ ಕಲ್ಲು ಉರುಳಿದ ಸದ್ದಿಗೆ ಮೇಲಿನ ದೀಪ ನಿಂತಿತು. ಕಂಡಿಯಿಂದ ಒಂದು ದನಿ: "ಕೆಳಗ ಯಾರದಾರ?" ಈ ಎರಡು ಪದಗಳನ್ನು ಯಾವ ಮಂತ್ರದ ಪಟ್ಟಿಯೂ ಕೊಡಲಾರದು.

ಇಪ್ಪತ್ತು ಮುಖದ ದಾಳದಲ್ಲಿ ಇದೇ ಪ್ರಯೋಗ ಮಾಡುವವರು ಒಂದು ವಿಷಯ ಗಮನಿಸಬೇಕು. "1 ಬಿದ್ದರೆ ಅನಾಹುತ" ಅನ್ನುವ ನಿಯಮ ಕೇಳಲು ಸಣ್ಣದು. ನೂರಕ್ಕೆ ಐದೇ ಸಲ. ಆದರೆ ಒಂದು ಸಂಜೆಯಲ್ಲಿ 14 ಮಂತ್ರ ಹಾಕಿದರೆ ಒಮ್ಮೆಯಾದರೂ 1 ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಅಂದರೆ ಹೆಚ್ಚುಕಡಿಮೆ ಎರಡು ಭಾನುವಾರದಲ್ಲಿ ಒಂದು ಭಾನುವಾರ ಅನಾಹುತ ಆಗುತ್ತದೆ. ಅನಾಹುತ ಅಂದರೆ ಪಾತ್ರ ಸಾಯುವುದು ಎಂದು ಬರೆದಿದ್ದರೆ ಮಾಂತ್ರಿಕರಾಗಲು ಯಾರೂ ಉಳಿಯುವುದಿಲ್ಲ.

ದಾಳದ ಬಗ್ಗೆ ಇನ್ನೊಂದು ಮಾತು. ಇಪ್ಪತ್ತು ಮುಖದ ದಾಳವನ್ನು ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ಮೊಬೈಲ್ ಆಪ್ ಬಳಸಬೇಕು. ಆರು ಮುಖದ್ದು ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಸೀಳಿದ ಹುಣಸೆ ಬೀಜ, ಕವಡೆ ಬಳಸುವುದೂ ಚಂದ, ಮನೆಯ ಹಿರಿಯರೂ ಬಂದು ಕೂರುತ್ತಾರೆ. ಆದರೆ ಕವಡೆ ಎರಡು ಕಡೆಗೂ ಸಮವಾಗಿ ಬೀಳುತ್ತದೆ ಎಂದು ನಂಬಬೇಡಿ. ನೂರು ಸಲ ಎಸೆದು ಬರೆದುಕೊಂಡು ಆಮೇಲೆ ನಿಯಮ ಮಾಡಿ.

ಪದ ಜೋಡಿಸಿ ಮಂತ್ರ

1987ರ ಆರ್ಸ್ ಮ್ಯಾಜಿಕಾ ಆಟದಲ್ಲಿ ಐದು ಕ್ರಿಯೆ, ಹತ್ತು ವಸ್ತು. ಎರಡನ್ನು ಜೋಡಿಸಿದರೆ ಒಂದು ಮಂತ್ರ. ನಮ್ಮ ಮೇಜಿಗೆ ಇದನ್ನು ಚಿಕ್ಕದು ಮಾಡಿಕೊಳ್ಳಬಹುದು: ಕರೆ, ತಡೆ, ಕರಗಿಸು, ಅರಿ ಎಂಬ ನಾಲ್ಕು ಕ್ರಿಯೆ, ಕಲ್ಲು, ನೀರು, ಗಾಳಿ, ಬೆಂಕಿ, ಜೀವ, ಮಾತು ಎಂಬ ಆರು ವಸ್ತು. ಒಟ್ಟು 24 ಜೋಡಿ, ಪಟ್ಟಿ ಬರೆಯುವ ಕೆಲಸವೇ ಇಲ್ಲ.

ಸುರಂಗದಲ್ಲಿ "ಕಲ್ಲು ಕರಗಿಸು" ಎಂದು ಎಲ್ಲರಿಗೂ ಹೊಳೆಯುತ್ತದೆ. ಒಳ್ಳೆಯ ಆಟಗಾರ್ತಿ "ನೀರು ಅರಿ" ಎನ್ನುತ್ತಾಳೆ, ತೂಬು ಎಲ್ಲಿದೆ, ಎತ್ತಿದವರು ಯಾರು ಎಂದು ನೀರನ್ನೇ ಕೇಳುತ್ತಾಳೆ. ಇನ್ನೊಬ್ಬ "ಮಾತು ತಡೆ" ಎಂದು ಕಾವಲುಗಾರನ ಕೂಗನ್ನು ಗಂಟಲಲ್ಲೇ ನಿಲ್ಲಿಸುತ್ತಾನೆ. ಕಲ್ಪನೆಗೆ ಇಷ್ಟು ಜಾಗ ಕೊಡುವ ಪದ್ಧತಿ ಬೇರೆ ಇಲ್ಲ.

ಹಾಗಂತ ಎಲ್ಲರಿಗೂ ಹೇಳಲಾರೆ. ಪ್ರತಿ ಮಂತ್ರಕ್ಕೂ ವಾದ ನಡೆಯುತ್ತದೆ. ರಕ್ತ ನೀರಾ ಜೀವವಾ? ಮಂಜು ನೀರಾ ಗಾಳಿಯಾ? ಆಟ ನಡೆಸುವವರು ಅಳುಕದೆ ಒಂದು ತೀರ್ಪು ಕೊಟ್ಟು ಮುಂದೆ ಹೋಗುವವರಾಗಿರಬೇಕು. ಜೊತೆಗೆ ಇದರಲ್ಲಿ ಬೆಲೆ ತಾನಾಗಿ ಬರುವುದಿಲ್ಲ. ದಾಳವನ್ನೋ ಕಾಳನ್ನೋ ಜೊತೆಗೆ ಸೇರಿಸಲೇಬೇಕು.

ಬಿದ್ರಿ: ನನಗೆ ಹೆಚ್ಚು ಇಷ್ಟವಾದದ್ದು

ಇದು ಯಾವ ಪುಸ್ತಕದ ಪದ್ಧತಿಯೂ ಅಲ್ಲ. ಬೀದರ್‌ನ ಬಿದ್ರಿ ಕೆಲಸ ನೋಡಿ ಕಟ್ಟಿದ್ದು.

ಮೊದಲು ನಿಜವಾದ ಕೆಲಸ ಹೇಗೆ ನಡೆಯುತ್ತದೆ ತಿಳಿಯಿರಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಕೊರೆದ ಗೆರೆ ಬೆಳ್ಳಗೆ ಕಾಣಲಿ ಎಂದು. ಉಳಿಯಿಂದ ಹೂಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ತಂತಿ ಕೂರಿಸುವುದು ತಾರ್ಕಶಿ, ತಗಡು ಕೂರಿಸುವುದು ತೆಹನಿಶಾನ್. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ದ್ರಾವಣ. ಅದು ತಾಗಿದಾಗ ಸತುವಿನ ಮೈಯೆಲ್ಲ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಕಸುಬುದಾರರು ಮಣ್ಣನ್ನು ನಾಲಿಗೆಗೆ ತಾಗಿಸಿ ಗುಣ ನೋಡುತ್ತಾರೆ. 2006ರಲ್ಲಿ ಈ ಕಲೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು.

ಆಟದಲ್ಲಿ ಇದನ್ನು ಹೀಗೆ ತಿರುಗಿಸಿದ್ದೇನೆ. ಮಂತ್ರವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಮೊದಲೇ ಮಾಡಿಟ್ಟ ತಾಯಿತದಷ್ಟು ಕಪ್ಪು ಬಿಲ್ಲೆಯಲ್ಲಿ ಅದು ಬೆಳ್ಳಿ ಗೆರೆಯಾಗಿ ಕೂತಿರುತ್ತದೆ. ಬಳಸಿದಾಗ ಒಂದು ಗೆರೆ ಕಪ್ಪಾಗುತ್ತದೆ. ಎಲ್ಲ ಗೆರೆ ಕಪ್ಪಾದ ಬಿಲ್ಲೆ ಬರೀ ಲೋಹ. ಮತ್ತೆ ಬೇಕೆಂದರೆ ಬೆಳ್ಳಿ ಬೇಕು, ಕುಲುಮೆ ಬೇಕು, ಕೋಟೆಯೊಳಗಿನ ಆ ಮಣ್ಣು ಬೇಕು. ಮಣ್ಣಿನ ಜಾಗಕ್ಕೆ ಹೋಗುವುದೇ ಒಂದು ಸಾಹಸ, ಯಾಕೆಂದರೆ ಕೋಟೆ ಶತ್ರುವಿನ ಕೈಯಲ್ಲಿದೆ.

ಮೇಜಿನ ಮೇಲೆ ಇದನ್ನು ಮಾಡುವುದು ಸುಲಭ. ಕಪ್ಪು ಚಾರ್ಟ್ ಪೇಪರ್ ಕತ್ತರಿಸಿ ಬಿಲ್ಲೆ ಮಾಡಿ. ಬೆಳ್ಳಿ ಬಣ್ಣದ ಜೆಲ್ ಪೆನ್ನಿನಿಂದ ಆಟಗಾರರೇ ಬಳ್ಳಿ ಬಿಡಿಸಲಿ, ಒಂದು ಬಿಲ್ಲೆಗೆ ಮೂರು ಎಲೆ. ಮಂತ್ರ ಹಾಕಿದಾಗ ಕಪ್ಪು ಸ್ಕೆಚ್ ಪೆನ್ನಿನಿಂದ ಒಂದು ಎಲೆ ತುಂಬಲಿ. ತಾವೇ ಬಿಡಿಸಿದ ಎಲೆಯನ್ನು ತಾವೇ ಅಳಿಸುವಾಗ ಆಟಗಾರರ ಕೈ ತಡೆಯುತ್ತದೆ. ಬೆಲೆ ಎಂದು ನಾನು ಹೇಳುತ್ತಿರುವುದು ಅದನ್ನೇ. ಸ್ಲಾಟ್‌ನ ಸರಳತೆ ಇದರಲ್ಲಿದೆ, ಆದರೆ ಮಲಗಿ ಎದ್ದರೆ ತುಂಬುವುದಿಲ್ಲ.

ಸುರಂಗದಲ್ಲಿ ನಮ್ಮ ಮಾಂತ್ರಿಕಳ ಬಿಲ್ಲೆಯಲ್ಲಿ ಒಂದೇ ಎಲೆ ಉಳಿದಿದೆ. ಕಲ್ಲು ಎತ್ತಿದರೆ ಅದೂ ಹೋಯಿತು. ಇಂಥ ಕ್ಷಣದಲ್ಲಿ ಅವಳು ಮಂತ್ರವನ್ನೇ ಬಿಟ್ಟು "ಹಗ್ಗ ಇದೆಯಾ, ಮೂರೂ ಜನ ಜಗ್ಗಿ" ಎನ್ನಬಹುದು. ಅನ್ನಲಿ. ಮ್ಯಾಜಿಕ್ ದುಬಾರಿಯಾದ ಆಟದಲ್ಲಿ ಹಗ್ಗಕ್ಕೂ ತೋಳಿಗೂ ಮರ್ಯಾದೆ ಬರುತ್ತದೆ.

ಇದು ಸರಿಹೊಂದದ ಜಾಗವೂ ಇದೆ. ಒಂದೇ ಸಂಜೆಗೆ ಮುಗಿಯುವ ಆಟಕ್ಕೆ ಬೇಡ, ಬೆಳ್ಳಿ ತುಂಬಿಸುವ ಕಥೆಗೆ ಸಮಯವೇ ಇರುವುದಿಲ್ಲ.

ಮೈ ಮನಸ್ಸಿನಿಂದ ಕೊಡುವ ಬೆಲೆಯೂ ಉಂಟು. ಮಂತ್ರ ಹಾಕಿದರೆ ಆಯಾಸ, ಗಾಯ, ಒಂದು ನೆನಪು ಅಳಿಸಿಹೋಗುವುದು. 1989ರ ಶ್ಯಾಡೋರನ್ ಆಟದಲ್ಲಿ ಮಂತ್ರದ ಭಾರ ಹಾಕಿದವರ ಮೈಮೇಲೇ ಬೀಳುತ್ತದೆ. ನೆನಪು ಕೊಡುವ ಪದ್ಧತಿ ಕಥೆಗೆ ಬಹಳ ಗಟ್ಟಿ. ಆದರೆ ಪರಸ್ಪರ ಚೆನ್ನಾಗಿ ಪರಿಚಯವಿರುವ ಗುಂಪಿಗೆ ಮಾತ್ರ ಅದನ್ನು ಕೊಡಿ.

ಕ್ಲಾಸ್ ಬೇಕಾ, ಬೇಡವಾ?

1974ರ ಆ ಮೊದಲ ಆಟದಲ್ಲಿ ಮೂರೇ ಕ್ಲಾಸ್ ಇದ್ದವು: ಹೋರಾಡುವವನು, ಮಂತ್ರ ಬಲ್ಲವನು, ಕ್ಲೆರಿಕ್ ಎಂಬ ಪೂಜಾರಿ. ಕಳ್ಳ ಸೇರಿಕೊಂಡಿದ್ದು 1975ರಲ್ಲಿ. ಈಗಿನ ಐದನೇ ಆವೃತ್ತಿಯ ಮೂಲ ಪುಸ್ತಕದಲ್ಲಿ ಹನ್ನೆರಡಿವೆ. ಇನ್ನೊಂದು ಕಡೆ ರೂನ್‌ಕ್ವೆಸ್ಟ್‌ನಂಥ ಆಟಗಳಲ್ಲಿ ಕ್ಲಾಸೇ ಇಲ್ಲ. ಯಾವ ಕೌಶಲ ಬಳಸುತ್ತೀರೋ ಅದು ಬೆಳೆಯುತ್ತದೆ.

ಹೊಸ ಗುಂಪಿಗೆ ಕ್ಲಾಸ್ ಇರಲಿ ಎಂದೇ ನಾನು ಹೇಳುತ್ತೇನೆ. ಕ್ಲಾಸ್ ಇಲ್ಲದ ಆಟದಲ್ಲಿ ಪಾತ್ರ ಕಟ್ಟಲು ಒಂದು ಗಂಟೆ ಹೋಗುತ್ತದೆ, ಯಾರು ಏನು ಮಾಡಬೇಕು ಎಂದು ಗೊತ್ತಾಗಲು ಇನ್ನೊಂದು ಗಂಟೆ. ಕ್ಲಾಸ್ ಇದ್ದರೆ "ನಾನು ಗೋಲಂದಾಜ, ತೋಪು ಹಾರಿಸುವವನು" ಎಂದ ಕೂಡಲೇ ಕೈಗೆ ಕೆಲಸ ಸಿಗುತ್ತದೆ. ಆಡಿ ಪಳಗಿದ ಗುಂಪು, ವರ್ಷಗಟ್ಟಲೆ ನಡೆಯುವ ಕಥೆ ಅಂದರೆ ಕೌಶಲದ ಪದ್ಧತಿ ಒಳ್ಳೆಯದು. ಎರಡರ ನಡುವೆ ಇನ್ನೊಂದು ದಾರಿ ಇದೆ: ಒಂದೊಂದು ಕ್ಲಾಸ್‌ಗೆ ಒಂದೊಂದು ಹಾಳೆ, ಅದರಲ್ಲಿ ಆ ಪಾತ್ರ ಮಾಡಬಲ್ಲ ಏಳೆಂಟು ಕೆಲಸ ಮೊದಲೇ ಅಚ್ಚಾಗಿರುತ್ತದೆ, ಟಿಕ್ ಹಾಕಿ ಆಡುವುದಷ್ಟೇ. ಎರಡು ಗಂಟೆಯ ಆಟಕ್ಕೆ ನನ್ನ ಓಟು ಈ ಹಾಳೆಗಳಿಗೆ.

ಎಷ್ಟು ಕ್ಲಾಸ್ ಇರಬೇಕು? ಆಟಗಾರರಿಗಿಂತ ಒಂದೆರಡು ಜಾಸ್ತಿ. ಆರು ಸಾಕು.

ಆ ಆರನ್ನು ಎಲ್ಲಿಂದ ತರುವುದು ಎಂಬುದೇ ದೊಡ್ಡ ವಿಷಯ. ಇಂಗ್ಲಿಷ್ ಪುಸ್ತಕದ ಪ್ಯಾಲಡಿನ್, ಡ್ರೂಯಿಡ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಪಾತ್ರಗಳು ನಮ್ಮ ನೆಲದ ಮೇಲೆ ನಡೆಯುವುದಿಲ್ಲ. ನಮ್ಮ ಸುತ್ತ ಕೆಲಸಗಳಿವೆ. ಕರೇಜ್ ತೋಡಿದ ಸುರಂಗದವನು ಕತ್ತಲಲ್ಲಿ ಗಾಳಿಯ ದಿಕ್ಕು ಹಿಡಿದು ದಾರಿ ಹೇಳಬಲ್ಲ. ಕಲಬುರಗಿ ಕೋಟೆಯ ಮೇಲಿನ ಉದ್ದದ ತೋಪು ನೋಡಿದವರಿಗೆ ಗೋಲಂದಾಜ ಏನು ಮಾಡಬಲ್ಲ ಎಂದು ಬೇರೆ ಹೇಳಬೇಕಿಲ್ಲ. ಬಿದ್ರಿ ಕಸುಬುದಾರ ನಮ್ಮ ಮಾಂತ್ರಿಕ. ಮೊಹರಂನಲ್ಲಿ ಕನ್ನಡದಲ್ಲೇ ರಿವಾಯತ್ ಹಾಡುವವರಂಥ ಹಾಡುಗಾರ್ತಿ ಒಂದು ಊರಿನ ಜನರನ್ನೇ ಎಬ್ಬಿಸಬಲ್ಲಳು. ಗಿಡಮೂಲಿಕೆ ಬಲ್ಲ ನಾಟಿ ವೈದ್ಯೆ ಇದ್ದಾಳೆ. ಆರನೆಯವಳು ಪತ್ರ ಬರೆಯುವವಳು.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಕ್ಲಾಸ್ ಅಂದರೆ ಕಲಿತ ಕೆಲಸ ಆಗಿರಲಿ, ಹುಟ್ಟು ಆಗಿರಬಾರದು. ಎಷ್ಟೋ ಫ್ಯಾಂಟಸಿ ಆಟಗಳಲ್ಲಿ "ಈ ಕುಲದವರಿಗೆ ಬುದ್ಧಿ ಜಾಸ್ತಿ, ಆ ಕುಲದವರಿಗೆ ಬಲ ಜಾಸ್ತಿ" ಎಂಬ ಅಂಕಗಳಿರುತ್ತವೆ. ನಮ್ಮ ಊರಲ್ಲಿ ಕೂತು ಅದನ್ನು ಆಡಿದರೆ ಅದು ಜಾತಿಯ ಲೆಕ್ಕವೇ. ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಅದು ಬೇಡ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಸೇರಿದ ಶರಣರಲ್ಲಿ ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇದ್ದರು. ದೋಣಿ ನಡೆಸುವ, ಹಗ್ಗ ಹೊಸೆಯುವ, ಅಕ್ಕಿ ಆಯುವ ಕಾಯಕಕ್ಕೆ ಅವರು ಕೊಟ್ಟ ಗೌರವ ನಮ್ಮ ಮುಂದಿದೆ. ಯಾರು ಬೇಕಾದರೂ ಯಾವ ಕಾಯಕವನ್ನಾದರೂ ಕಲಿಯಬಹುದು ಎಂಬುದನ್ನು ನಿಯಮದ ಮೊದಲ ಸಾಲಾಗಿ ಬರೆಯಿರಿ.

ಮಂತ್ರ ಗೊತ್ತಿಲ್ಲದವರ ಗತಿ

ಎಲ್ಲ ಫ್ಯಾಂಟಸಿ ಆಟಗಳ ಹಳೆಯ ರೋಗ ಇದು. ಕತ್ತಿಯವನು ಪ್ರತಿ ಲೆವೆಲ್‌ಗೆ ಸ್ವಲ್ಪ ಸ್ವಲ್ಪ ಬೆಳೆಯುತ್ತಾನೆ, ಮಾಂತ್ರಿಕ ಒಮ್ಮೆಲೇ ಜಿಗಿಯುತ್ತಾನೆ. ಐದನೇ ಆವೃತ್ತಿಯ ಫೈರ್‌ಬಾಲ್ ಎಂಬ ಬೆಂಕಿ ಉಂಡೆಯ ಮಂತ್ರಕ್ಕೆ ಎಂಟು ಆರುಮುಖದ ದಾಳ, ಸರಾಸರಿ 28 ಪೆಟ್ಟು, ಅದೂ ಆ ವೃತ್ತದೊಳಗಿದ್ದ ಎಲ್ಲರಿಗೂ. ಕತ್ತಿಯವನು ಒಬ್ಬೊಬ್ಬರನ್ನೇ ಹೊಡೆಯುತ್ತಾ ಕೂರಬೇಕು.

ಪೆಟ್ಟಿಗೆ ಪೆಟ್ಟು ಸರಿದೂಗಿಸಲು ಹೋಗಬೇಡಿ. ಮಂತ್ರ ಮುಟ್ಟದ ಜಾಗದಲ್ಲಿ ಅವರಿಗೆ ಬಲ ಕೊಡಿ. ಪತ್ರ ಬರೆಯುವವಳನ್ನೇ ತೆಗೆದುಕೊಳ್ಳಿ. ಬೀದರ್‌ನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಎಲ್ಲಕ್ಕಿಂತ ದೊಡ್ಡ ಮಂತ್ರಿ. 1481ರಲ್ಲಿ ಅವನ ಪ್ರಾಣ ತೆಗೆದದ್ದು ಅವನ ಮುದ್ರೆ ಹಾಕಿದ ಒಂದು ಖೋಟಾ ಪತ್ರ. ಸುಲ್ತಾನ ಅದನ್ನು ನಂಬಿದ. ಯಾವ ಫೈರ್‌ಬಾಲ್‌ಗೆ ಅಷ್ಟು ಬಲ ಇದೆ ಹೇಳಿ? ನಿಮ್ಮ ಆಟದಲ್ಲಿ ಪತ್ರದವಳಿಗೆ ಕಥೆಗೊಂದು ಸಲ ಮುದ್ರೆ ಬಳಸುವ ಹಕ್ಕು ಕೊಡಿ. ಅವಳು ಬರೆದದ್ದನ್ನು ಓದಿದವನು ಒಂದು ದಿನದ ಮಟ್ಟಿಗೆ ನಿಜವೆಂದೇ ನಡೆಯುತ್ತಾನೆ. ಬೆಲೆ: ಖೋಟಾ ಎಂದು ಗೊತ್ತಾದ ದಿನ ಹುಡುಕಿಕೊಂಡು ಬರುತ್ತಾರೆ. ನಮ್ಮ ಸುರಂಗದಲ್ಲಿ "ಕೆಳಗ ಯಾರದಾರ?" ಎಂದು ಕೇಳಿದವನಿಗೆ ಉತ್ತರ ಕೊಡಬೇಕಾದವಳು ಇವಳೇ.

ಯಾವ ಹೆಸರು ಬೇಡ

ಮ್ಯಾಜಿಕ್‌ಗೆ ಹೆಸರಿಡುವಾಗ ಬಾನಾಮತಿ ಎಂದು ಇಡಬೇಡಿ. ಬೇರೆ ಕಡೆಯವರಿಗೆ ಅದು ರೋಚಕ ಶಬ್ದ ಇರಬಹುದು. ನಮ್ಮ ಕಡೆ ಆ ಹೆಸರು ಹೇಳಿ ಬಡ ಹೆಂಗಸರನ್ನು, ಒಂಟಿ ಮುದುಕಿಯರನ್ನು ಹೊಡೆದಿದ್ದಾರೆ, ಊರು ಬಿಡಿಸಿದ್ದಾರೆ. ಇಂಥ ಆಚರಣೆಗಳನ್ನು ತಡೆಯಲೆಂದೇ ರಾಜ್ಯದಲ್ಲಿ 2017ರಲ್ಲಿ ಕಾಯ್ದೆ ಮಾಡಿದ್ದಾರೆ. ಮೇಜಿನ ಸುತ್ತ ಕೂತವರಲ್ಲಿ ಯಾರ ಮನೆಯ ಕಥೆ ಏನೋ ನಿಮಗೆ ಗೊತ್ತಿರುವುದಿಲ್ಲ.

ಹಾಗೆಯೇ ಜನ ಈಗಲೂ ಕೈಮುಗಿಯುವ ಹೆಸರುಗಳು. ಶರಣಬಸವೇಶ್ವರ, ಬಂದೇನವಾಜ್, ಗಾಣಗಾಪುರದ ದತ್ತ, ಮೈಲಾಪುರದ ಮಲ್ಲಯ್ಯ. ಭಕ್ತಿಗೆ ಪಾಯಿಂಟ್ ಹಚ್ಚಿ "ಈ ದೇವರಿಗೆ 3, ಆ ದೇವರಿಗೆ 5" ಎಂದು ಆಡುವುದು ಸರಿಯಲ್ಲ. ದೇವರ ಬಲ ಬೇಕೇಬೇಕು ಎಂದರೆ ನಿಮ್ಮ ಲೋಕಕ್ಕೆ ಹೊಸ ದೇವರನ್ನೇ ಕಟ್ಟಿ. ನದಿಗೆ, ಗುಡ್ಡಕ್ಕೆ, ಮೊದಲ ಮಳೆಗೆ ಕಟ್ಟಿ. ಹೊಸದಾಗಿ ಕಟ್ಟಿದ್ದು ಯಾರ ಮನಸ್ಸನ್ನೂ ನೋಯಿಸುವುದಿಲ್ಲ, ಕಥೆ ಕಟ್ಟಲೂ ನಿಮಗೆ ಸ್ವಾತಂತ್ರ್ಯ ಸಿಗುತ್ತದೆ.

ಹಾಗಾದರೆ ಯಾವುದನ್ನು ಆರಿಸುವುದು?

ಹಿಂದೆಂದೂ ಆಡದ ನಾಲ್ಕು ಜನ, ಒಂದೇ ಮಧ್ಯಾಹ್ನ ಎಂದಿದ್ದರೆ ಎರಡು ಲೂಡೋ ದಾಳದ ಪದ್ಧತಿ, ಆರು ಹಾಳೆ. ಬೇರೇನೂ ಬೇಡ. ಶಾಲೆ ಮಕ್ಕಳ ಜೊತೆ ಆಡುವುದಾದರೆ ತೊಗರಿ ಕಾಳು ಚೆನ್ನ, ಸೋತರೂ ಅನಾಹುತ ಇಲ್ಲ, ಎಣಿಸುವುದೂ ಅವರಿಗೆ ಖುಷಿ. ತಿಂಗಳಿಗೆ ಎರಡು ಸಲ ಸೇರಿ ಒಂದು ದೊಡ್ಡ ಕಥೆ ಮಾಡುವ ಗುಂಪಿಗೆ ಬಿದ್ರಿ ಬಿಲ್ಲೆಗಳನ್ನೇ ಶಿಫಾರಸು ಮಾಡುತ್ತೇನೆ. ಗುಂಪಿನಲ್ಲಿ ಕವಿತೆ ಬರೆಯುವವರು, ನಾಟಕ ಆಡುವವರು ಇದ್ದರೆ ಪದ ಜೋಡಿಸುವ ಪದ್ಧತಿ ಕೊಡಿ, ಜೊತೆಗೆ ಎರಡು ದಾಳ ಇಡಿ. ಇಂಗ್ಲಿಷ್ ಪುಸ್ತಕ ಓದಿ ಈಗಾಗಲೇ ಪಳಗಿದವರಿದ್ದರೆ ಸ್ಲಾಟ್ ಬಿಡಿಸಲು ಹೋಗಬೇಡಿ, ವಿಶ್ರಾಂತಿಯ ಬೆಲೆಯನ್ನಷ್ಟೇ ಏರಿಸಿ.

ಸ್ಲಾಟ್ ಆರಿಸಿದವರಿಗೆ ಒಂದು ಅನುಕೂಲ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಒಂದು ದೊಡ್ಡ ಭಾಗ, ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿದೆ. ಮೂಲದ ಹೆಸರು ನಮೂದಿಸಿದರೆ ಕನ್ನಡಕ್ಕೆ ತರಬಹುದು, ಬದಲಾಯಿಸಬಹುದು, ಪುಸ್ತಕ ಮಾಡಿ ಮಾರಲೂಬಹುದು. ಬೇರೆ ಆಟಗಳ ನಿಯಮ ಎತ್ತಿಕೊಳ್ಳುವ ಮೊದಲು ಅವುಗಳ ಲೈಸೆನ್ಸ್ ಓದಿಕೊಳ್ಳಿ.

ಆಡುತ್ತಾ ಹೋದಾಗ ಬೆಲೆ ಸರಿಯಿದೆಯಾ ಎಂದು ತಿಳಿಯುವುದು ಸುಲಭ. ಒಂದು ಸಂಜೆ ಪೂರ್ತಿ ಯಾರೂ ಮಂತ್ರವನ್ನೇ ಮುಟ್ಟದಿದ್ದರೆ ಬೆಲೆ ಜಾಸ್ತಿಯಾಯಿತು. ಯೋಚನೆಯೇ ಮಾಡದೆ ಪ್ರತಿ ಸರದಿಗೂ ಮಂತ್ರ ಬರುತ್ತಿದ್ದರೆ ಕಡಿಮೆಯಾಯಿತು. ಎರಡು ಆಟದ ನಡುವೆ ಒಂದೇ ಅಂಕೆ ಬದಲಾಯಿಸಿ: ಕಾಳು ಒಂದೆರಡು ಏರಿಸಿ, ಇಲ್ಲವೇ ಬಿಲ್ಲೆಗೆ ಮೂರರ ಬದಲು ನಾಲ್ಕು ಎಲೆ ಮಾಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಬದಲಾಯಿಸುವ ಮೊದಲು ಮಾಂತ್ರಿಕರ ಪಾತ್ರ ಆಡುತ್ತಿರುವವರನ್ನು ಒಮ್ಮೆ ಕೇಳಿ, ಬೆಲೆ ಕೊಡುತ್ತಿರುವವರು ಅವರೇ ತಾನೇ.